ಸೈನಿಕ ವೈದ್ಯಕೀಯ ಸೇವೆ: ಬೆಂಗಳೂರು ದಂಡು ಮತ್ತು ಬಂಗಾರಪೇಟೆ ಸೀಮೆ

1799ರಲ್ಲಿ ಶ್ರೀರಂಗಪಟ್ಟಣ ಗೆದ್ದ ಬ್ರಿಟಿಷ್ ಪಡೆಯನ್ನು ಅಲ್ಲಿಂದ ಕದಲಿಸಿದ್ದು ಚಳಿಜ್ವರ. 1809ರಲ್ಲಿ ದಂಡು ಬೆಂಗಳೂರಿಗೆ ಬಂತು. ಭಾರತದಲ್ಲಿದ್ದ ಬ್ರಿಟಿಷ್ ಸಿಪಾಯಿಗಳು ವರ್ಷಕ್ಕೆ ಸಾವಿರಕ್ಕೆ 69ರಂತೆ, ಬಹುಪಾಲು ರೋಗದಿಂದಲೇ, ಸಾಯುತ್ತಿದ್ದರೆಂದು 1863ರ ರಾಯಲ್ ಕಮಿಷನ್ ವರದಿ ಹೇಳಿತು. ಆಮೇಲೆ ಚರಂಡಿ, ಕುಡಿಯುವ ನೀರು, ಬ್ಯಾರಕ್ಕಿನ ಗಾಳಿ ಬೆಳಕಿಗೆ ಗಮನ ಬಂತು. ಆದರೆ ಆ ಗಮನ ಸಂದದ್ದು ದುಡಿಯಬಲ್ಲ ದೇಹಕ್ಕೆ. ಕಾಯಿಲೆ ಬಿದ್ದ ಸಿಪಾಯಿ ಎಂದರೆ ಸರ್ಕಾರಕ್ಕೆ ನಷ್ಟ. 1868ರ ಸಾಂಕ್ರಾಮಿಕ ರೋಗಗಳ ಕಾಯಿದೆ ಸಿಪಾಯಿಯನ್ನು ಕಾಯಲೆಂದು ವೇಶ್ಯೆಯರನ್ನು ಕಡ್ಡಾಯ ತಪಾಸಣೆಗೆ ಎಳೆಯಿತು, ಸಿಪಾಯಿಯನ್ನಲ್ಲ.

ದಂಡಿನ ಈ ಆರೋಗ್ಯ ವ್ಯವಸ್ಥೆಯಿಂದ ಜನಸಾಮಾನ್ಯರಿಗೂ ಒಳಿತಾಯಿತಲ್ಲ ಎಂಬ ವಾದವುಂಟು, ಅದರಲ್ಲಿ ಹುರುಳೂ ಇದೆ. ಬಂಗಾರಪೇಟೆಗೆ ಹಿಂದೆ ಬೌರಿಂಗ್‌ಪೇಟೆ ಎಂಬ ಹೆಸರು ತಂದ ಕಮಿಷನರ್ ಲೆವಿನ್ ಬೌರಿಂಗರ ಹೆಸರನ್ನೇ ಹೊತ್ತ, 1868ರಲ್ಲಿ ಸ್ಥಾಪನೆಯಾದ ದಂಡಿನ ಆಸ್ಪತ್ರೆ ಇಂದಿಗೂ ಬಡವರದು. ಆದರೆ ಸೇನೆಯ ವೈದ್ಯಸಂಸ್ಥೆ ತಾನಾಗಿ ಜ್ಞಾನ ಬೆಳೆಸಿತೆಂದು ಒಪ್ಪುವುದು ಕಷ್ಟ. 1883ರಲ್ಲಿ ಬೆಂಗಳೂರಿನಲ್ಲಿ ಗ್ಯಾರಿಸನ್ ಸರ್ಜನ್ ಆಗಿದ್ದ ರೊನಾಲ್ಡ್ ರಾಸ್, ತೊಟ್ಟಿಯ ನೀರು ಚೆಲ್ಲಿದರೆ ಸೊಳ್ಳೆ ಕಡಿಮೆಯಾಗುವುದನ್ನು ಕಂಡರು. ಮೇಲಿನವರಿಗೆ ಅದು ಬೇಕಿರಲಿಲ್ಲ. 1897ರಲ್ಲಿ ಸಿಕಂದರಾಬಾದಿನಲ್ಲಿ ಮಲೇರಿಯಾದ ಗುಟ್ಟು ಬಿಡಿಸಿದ ಕೆಲವೇ ವಾರಗಳಲ್ಲಿ ಅವರಿಗೆ ಸಿಕ್ಕಿದ್ದು ರಾಜಪುತಾನದ ಖೇರ್ವಾಡಕ್ಕೆ ವರ್ಗ!

1943ರ ಏಪ್ರಿಲ್ 3ರಂದು ಆರ್ಮಿ ಮೆಡಿಕಲ್ ಕೋರ್ ರೂಪುಗೊಂಡಿತು. ವಾಯುಪಡೆಯ ವೈಮಾನಿಕ ವೈದ್ಯ ಸಂಸ್ಥೆ 1957ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಇವು ದೊಡ್ಡ ಹೆಜ್ಜೆಗಳೇ. ಆದರೂ ನಿಜವಾದ ತಿರುವು 2003ರ ಏಪ್ರಿಲ್‌ನದು: ಮಾಜಿ ಸೈನಿಕರ ವಂತಿಗೆ ಆರೋಗ್ಯ ಯೋಜನೆ (ಇಸಿಎಚ್‌ಎಸ್) ಪಿಂಚಣಿದಾರರಿಗೂ ಅವರ ಅವಲಂಬಿತರಿಗೂ ಪಾಲಿಕ್ಲಿನಿಕ್ಕುಗಳನ್ನೂ ನೋಂದಾಯಿತ ಖಾಸಗಿ ಆಸ್ಪತ್ರೆಗಳನ್ನೂ ತೆರೆಯಿತು. ಅದಕ್ಕೆ ಮುನ್ನವೂ ನಿವೃತ್ತರು ಸೇನಾ ಆಸ್ಪತ್ರೆಗೆ ಹೋಗಬಹುದಿತ್ತು ಎನ್ನುವವರಿದ್ದಾರೆ. ಹೋಗಬಹುದಿತ್ತು, ಹಾಸಿಗೆ ಖಾಲಿಯಿದ್ದರೆ. ಬಂಗಾರಪೇಟೆಯಿಂದ ಬೆಂಗಳೂರಿಗೆ ಸುಮಾರು 70 ಕಿ.ಮೀ. ರೈಲಿನಲ್ಲಿ ಬಂದರೆ. ಸೇವೆ ಮುಗಿದ ಮೇಲೆ ಹೊಣೆ ಉಳಿಯದಿದ್ದರೆ ಏನಾಗುತ್ತದೆಂದು ಬಂಗಾರಪೇಟೆಯ ಪಕ್ಕದ ಕೆಜಿಎಫ್ (ಕೋಲಾರ ಚಿನ್ನದ ಗಣಿ) ನೋಡಿದರೆ ತಿಳಿಯುತ್ತದೆ. ಅಲ್ಲಿ ಚಿನ್ನದ ಗಣಿಯವರೇ ಕಾರ್ಮಿಕರಿಗಾಗಿ ಆಸ್ಪತ್ರೆ ನಡೆಸಿದ್ದರು. 2001ರ ಫೆಬ್ರುವರಿ 28ರಂದು ಗಣಿ ನಿಂತಿತು, ಆಸ್ಪತ್ರೆಯೂ ಉಳಿಯಲಿಲ್ಲ. ಸೈನಿಕನ ವಿಷಯದಲ್ಲಾದರೂ ಆ ಹೊಣೆ ಪೂರ್ತಿಯಾಗಿದೆಯೇ? 2022ರ ಅಗ್ನಿಪಥ ಯೋಜನೆಯಡಿ ನಾಲ್ಕು ವರ್ಷ ದುಡಿದು ಹೊರಬರುವವರಿಗೆ ಪಿಂಚಣಿಯಿಲ್ಲ, ಇಸಿಎಚ್‌ಎಸ್ ಸದಸ್ಯತ್ವವೂ ಇಲ್ಲ.