ಪ್ರತಿಯ ಸರದಿ: ಓಲೆಯ ಕಟ್ಟಿನಿಂದ ಗೃಹಗಣಕದ ಮುದ್ರಣದವರೆಗೆ

ಗೋಕರ್ಣದ ಸಮೀಪದಲ್ಲಿ, ಕುಮಟಾ ತಾಲ್ಲೂಕಿನ ಕಡಲತಡಿಯಲ್ಲಿ, ಎರಡು ಅರ್ಧವೃತ್ತಾಕಾರದ ಮರಳದಂಡೆಗಳು ಒಂದನ್ನೊಂದು ಕೂಡಿಕೊಂಡು ನಾಗರೀ ಲಿಪಿಯ ಓಂಕಾರವನ್ನು ಹೋಲುವ ಸ್ಥಳವೊಂದಿದೆ. ಅದನ್ನು ಜನರು ಓಂ ಬೀಚ್ ಎಂದು ಕರೆಯುತ್ತಾರೆ. ನಮ್ಮ ಪರಂಪರೆಯಲ್ಲಿ ಈ ಅಕ್ಷರವು ಪಂಚಪರಮೇಷ್ಠಿಗಳ ಆದ್ಯಕ್ಷರಗಳ ಸಂಯೋಗವೆಂಬುದನ್ನು ವಿದ್ವಾಂಸರು ಬಲ್ಲರು. ಅರ್ಹಂತರ ಅಕಾರ, ಅಶರೀರರಾದ ಸಿದ್ಧರ ಅಕಾರ, ಆಚಾರ್ಯರ ಆಕಾರ, ಉಪಾಧ್ಯಾಯರ ಉಕಾರ, ಮುನಿಗಳ ಮಕಾರ, ಇವು ಕ್ರಮವಾಗಿ ಸವರ್ಣದೀರ್ಘ ಹಾಗೂ ಗುಣಸಂಧಿಗಳಿಂದ ಕೂಡಿ ಓಂ ಆಗುತ್ತದೆ. ಉಕಾರವನ್ನು ಮೊದಲಿಗಿಟ್ಟರೆ ಯಣ್‌ಸಂಧಿಯಿಂದ ವಕಾರ ಹುಟ್ಟುತ್ತದೆಯೇ ಹೊರತು ಓಂಕಾರವಲ್ಲ. ಅಕ್ಷರಗಳು ಅವೇ ಆಗಿದ್ದರೂ ಸರದಿ ತಪ್ಪಿದರೆ ಮಂತ್ರವೇ ತಪ್ಪುತ್ತದೆ. ಗ್ರಂಥಪ್ರತಿಗಳ ಇತಿಹಾಸದಲ್ಲಿ ಈ ಸರದಿಯ ಪ್ರಶ್ನೆ ಎಷ್ಟು ಮುಖ್ಯವಾದುದೆಂಬುದನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

ಇದೇ ಕರಾವಳಿ ಜೈನವಿದ್ಯೆಗೆ ಹಿಂದೆ ಆಶ್ರಯವಾಗಿತ್ತು. ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆಯಲ್ಲಿ ಚತುರ್ಮುಖ ಬಸದಿಯಿದೆ. ಭಟ್ಕಳ ತಾಲ್ಲೂಕಿನ ಹಾಡುವಳ್ಳಿಯೇ ಪ್ರಾಚೀನ ಸಂಗೀತಪುರ. ಆ ಮಠದ ಶಿಷ್ಯಪರಂಪರೆಗೆ ಸೇರಿದ ಭಟ್ಟಾಕಳಂಕದೇವನು ೧೬೦೪ರಲ್ಲಿ 'ಕರ್ಣಾಟಕ ಶಬ್ದಾನುಶಾಸನ'ವನ್ನು ರಚಿಸಿದನು. ಕನ್ನಡ ಭಾಷೆಯ ವ್ಯಾಕರಣವನ್ನು ೫೯೨ ಸಂಸ್ಕೃತ ಸೂತ್ರಗಳಲ್ಲಿ ಹೇಳಿ, ಅವಕ್ಕೆ ವೃತ್ತಿಯನ್ನೂ ವ್ಯಾಖ್ಯಾನವನ್ನೂ ಸೇರಿಸಿರುವ ಈ ಗ್ರಂಥವನ್ನು ಬಿ. ಎಲ್. ರೈಸ್ ಅವರು ೧೮೯೦ರಲ್ಲಿ ಸಂಪಾದಿಸಿ ಬೆಂಗಳೂರಿನಲ್ಲಿ ಅಚ್ಚು ಹಾಕಿಸಿದರು. ರಚನೆಗೂ ಮುದ್ರಣಕ್ಕೂ ನಡುವೆ ೨೮೬ ವರ್ಷಗಳು. ಅಷ್ಟು ಕಾಲ ಗ್ರಂಥವನ್ನು ಕಾಪಾಡಿದವರು ಹೆಸರು ತಿಳಿಯದ ಲಿಪಿಕಾರರು.

ಪ್ರತಿಗಳನ್ನು ಹೆಚ್ಚಿಸುವುದೇ ಗ್ರಂಥಕ್ಕೆ ರಕ್ಷೆಯೆಂಬ ತಿಳಿವಳಿಕೆ ನಮ್ಮಲ್ಲಿ ಹೊಸದಲ್ಲ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಸುಪ್ರಸಿದ್ಧ. ರನ್ನನ ಅಜಿತಪುರಾಣಕ್ಕೆ (೯೯೩) ಆಶ್ರಯ ನೀಡಿದವಳೂ ಆಕೆಯೇ; ಲಕ್ಕುಂಡಿಯ ೧೦೦೭ರ ಶಾಸನವು ಆಕೆಯ ಧರ್ಮಕಾರ್ಯಕ್ಕೆ ಸಾಕ್ಷಿ. ಇದಕ್ಕೆ ಪ್ರತಿಯಾದ ಉದಾಹರಣೆ ಮೂಡಬಿದಿರೆಯದು. ಷಟ್ಖಂಡಾಗಮದ ಧವಲಾ ಟೀಕೆಯ ಹಳಗನ್ನಡ ಲಿಪಿಯ ಓಲೆಗಳು ಅಲ್ಲಿನ ಸಿದ್ಧಾಂತ ಬಸದಿಯಲ್ಲಿ ದರ್ಶನಕ್ಕೆ ಮಾತ್ರ ದೊರೆಯುತ್ತ ಬಹುಕಾಲ ಉಳಿದು, ಡಾ. ಹೀರಾಲಾಲ ಜೈನ್ ಅವರ ಸಂಪಾದಕತ್ವದಲ್ಲಿ ಅದರ ಮೊದಲ ಸಂಪುಟ ಅಚ್ಚಾದುದು ೧೯೩೯ರಲ್ಲಿ. ಒಂದು ಕಡೆ ಸಾವಿರವಾಗಿ ಹರಡಿದ ಗ್ರಂಥ. ಮತ್ತೊಂದು ಕಡೆ ಒಂದೇ ಸ್ಥಳದಲ್ಲಿ ಕಾದಿಟ್ಟ ಗ್ರಂಥ.

ಈ ಪರಂಪರೆಯ ಮುಂದುವರಿಕೆಯಾಗಿ ಒಂದು ಹಳೆಯ ಯಂತ್ರವನ್ನು ಪರಿಶೀಲಿಸುವುದು ಅಪ್ರಸ್ತುತವಾಗಲಾರದು. ೧೯೮೧ರ ಕೊನೆಯಲ್ಲಿ ಇಂಗ್ಲೆಂಡಿನ ಏಕಾರ್ನ್ ಸಂಸ್ಥೆ ಹೊರತಂದ ಬಿ.ಬಿ.ಸಿ. ಮೈಕ್ರೋ ಎಂಬ ಗೃಹಗಣಕವು ೧೯೮೪ರಲ್ಲಿ ಕೇಂದ್ರ ಸರ್ಕಾರದ 'ಕ್ಲಾಸ್' ಯೋಜನೆಯ ಮೂಲಕ ನಮ್ಮ ದೇಶದ ಶಾಲೆಗಳಿಗೂ ಬಂದಿತು. ಅದರ 'ಬಿ' ಮಾದರಿಯ ಸ್ಮರಣಶಕ್ತಿ ೩೨ ಕಿಲೋಬೈಟುಗಳು ಮಾತ್ರ. ಅದರ ಸಾಮಾನ್ಯ ತಟ್ಟೆವ್ಯವಸ್ಥೆಯಲ್ಲಿ ತಟ್ಟೆಯ ಒಂದು ಮುಖಕ್ಕೆ ೩೧ ಕಡತಗಳಷ್ಟೇ ಹಿಡಿಸುತ್ತಿದ್ದವು. ಒಂದು ಕಡತದ ಹೆಸರು ಏಳು ಅಕ್ಷರಗಳನ್ನು ಮೀರುವಂತಿರಲಿಲ್ಲ. ಆದುದರಿಂದ ದೀರ್ಘ ಬರಹವನ್ನು ತುಂಡುಮಾಡಿ ಹಲವು ಕಡತಗಳಲ್ಲಿ ಇಡಬೇಕಾಗುತ್ತಿತ್ತು. ಮುದ್ರಿಸುವಾಗ ಒಂದೊಂದನ್ನೇ ಕರೆಯುವುದು ಬೇಸರದ ಕೆಲಸ. ಇದಕ್ಕೆ ಪರಿಹಾರವೇ ಸರದಿಯ ಆಜ್ಞೆಗಳ ಕಡತ, ಅಂದರೆ ಬ್ಯಾಚ್ ಫೈಲ್.

ಅದರ ಕ್ರಮ ಸರಳವಾದುದು. 'ವಿ.ಡಿ.ಯು. ೨' ಎಂಬ ಆಜ್ಞೆಯಿಂದ ಮುದ್ರಣಯಂತ್ರ ಎಚ್ಚರಗೊಳ್ಳುತ್ತದೆ, 'ಟೈಪ್' ಎಂಬ ಆಜ್ಞೆಯೊಡನೆ ಹೆಸರು ಕೊಟ್ಟರೆ ಆ ಕಡತದ ಪಾಠ ಕಾಗದಕ್ಕೆ ಇಳಿಯುತ್ತದೆ, 'ವಿ.ಡಿ.ಯು. ೧, ೧೨' ಎಂದರೆ ಹೊಸ ಹಾಳೆ; 'ವಿ.ಡಿ.ಯು. ೩' ಎಂದರೆ ವಿರಾಮ. ಈ ಆಜ್ಞೆಗಳನ್ನು ಒಂದು ಕಡತದಲ್ಲಿ ಸಾಲಾಗಿ ಬರೆದು 'ಎಕ್ಸೆಕ್' ಎಂದು ಕರೆದರೆ, ಯಾರೋ ಕುಳಿತು ಕೀಲಿಮಣೆಯನ್ನು ಒತ್ತುತ್ತಿರುವರೋ ಎಂಬಂತೆ ಯಂತ್ರವು ಒಂದೊಂದನ್ನೇ ನೆರವೇರಿಸುತ್ತದೆ.

ಇದನ್ನು ಬಳಸುವಾಗ ತಲೆದೋರುವ ದೋಷಗಳು ಹಸ್ತಪ್ರತಿಶಾಸ್ತ್ರಜ್ಞರಿಗೆ ಚಿರಪರಿಚಿತವಾದವು. ಮೊದಲನೆಯದು ಪ್ರಕ್ಷೇಪ. ಮುದ್ರಣಯಂತ್ರ ಎಚ್ಚರವಾಗಿರುವಾಗ ತೆರೆಯ ಮೇಲೆ ಮೂಡುವುದೆಲ್ಲವೂ ಕಾಗದಕ್ಕೆ ಹೋಗುತ್ತದೆ; ಆಜ್ಞಾವಾಕ್ಯಗಳೂ ಗ್ರಂಥಪಾಠದ ನಡುವೆ ಅಚ್ಚಾಗುತ್ತವೆ. ಓಲೆಯ ಅಂಚಿನ ಟಿಪ್ಪಣವನ್ನು ಮುಂದಿನ ಲಿಪಿಕಾರನು ಮೂಲವೆಂದೇ ಭಾವಿಸಿ ಒಳಗೆ ಸೇರಿಸುವುದಕ್ಕೂ ಇದಕ್ಕೂ ಭೇದವೇನು? ಎರಡನೆಯದು ಸಂಕರ. ಹೊಸ ಹಾಳೆಯ ಆಜ್ಞೆಯನ್ನು ಮರೆತರೆ ಒಂದು ಬರಹದ ಅಂತ್ಯಕ್ಕೆ ಮತ್ತೊಂದರ ಆದಿ ಅಂಟಿಕೊಳ್ಳುತ್ತದೆ. ಒಂದೇ ಕಟ್ಟಿನಲ್ಲಿ ಹಲವು ಕೃತಿಗಳಿರುವಾಗ ಸಮಾಪ್ತಿವಾಕ್ಯದ ಗರಿ ಕಳೆದುಹೋದರೆ ಆಗುವ ಪಾಡೂ ಇದೇ. ಮೂರನೆಯದು ಕ್ರಮಭಂಗ. ತಟ್ಟೆಯ ಸೂಚಿಯು ಹೆಸರುಗಳನ್ನು ಅಕಾರಾದಿಯಾಗಿ ತೋರಿಸುತ್ತದೆ. ಕರ್ತೃವಿನ ಕ್ರಮವನ್ನು ಅದು ಅರಿಯದು. ಅದನ್ನೇ ನಂಬಿ ಪಟ್ಟಿ ಮಾಡಿದರೆ 'ಸೂತ್ರ ೧' ಆದ ಮೇಲೆ 'ಸೂತ್ರ ೧೦' ಬಂದು, 'ಸೂತ್ರ ೨' ಅದರ ಹಿಂದೆ ನಿಲ್ಲುತ್ತದೆ. ಶಬ್ದಾನುಶಾಸನದಂತಹ ಗ್ರಂಥದಲ್ಲಿ ಸೂತ್ರಸಂಖ್ಯೆ ಇರುವುದರಿಂದ ಈ ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತದೆ. ಸಂಖ್ಯೆಯಿಲ್ಲದ ಗದ್ಯದಲ್ಲಿ ಬೀಳದೆ ಹೋಗಬಹುದು.

ಇವುಗಳಲ್ಲಿ ಮೊದಲನೆಯದಕ್ಕೆ ಅಂದಿನ ಬಳಕೆದಾರರು ಪರಿಹಾರವನ್ನು ಬಲ್ಲವರಾಗಿದ್ದರು. ಹೆಸರುಗಳ ಪಟ್ಟಿಯನ್ನು ಬೇಸಿಕ್ ಭಾಷೆಯ ಒಂದು ಕಿರುಕ್ರಮವಿಧಿಯೊಳಗೆ ಇಟ್ಟು ನಡೆಸಿದರೆ ಪಾಠ ಮಾತ್ರ ಅಚ್ಚಾಗುತ್ತದೆ, ಆಜ್ಞೆಗಳಲ್ಲ. ಪಟ್ಟಿಯಲ್ಲಿರುವ ಕಡತ ತಟ್ಟೆಯಲ್ಲಿ ಇಲ್ಲದಿದ್ದರೆ ಆ ಕ್ರಮವಿಧಿ ಅಲ್ಲಿಗೇ ನಿಲ್ಲುತ್ತದೆ. ಇದನ್ನು ನ್ಯೂನತೆಯೆಂದು ಎಣಿಸಲಾಗದು. ಗರಿ ಮುರಿದೆಡೆ ಖಾಲಿ ಜಾಗ ಬಿಟ್ಟು ಮುಂದುವರಿದ ಪ್ರಾಮಾಣಿಕ ಲಿಪಿಕಾರನಂತೆ, ಲೋಪವನ್ನು ಮುಚ್ಚಿಡದಿರುವುದೂ ಒಂದು ಗುಣವೇ.

ಇಲ್ಲಿ ಒಂದು ಮುಖ್ಯವಾದ ಅಂಶ ವಿಚಾರಣೀಯವಾಗಿದೆ. ಲಿಪಿಕಾರನ ದೋಷ ಪ್ರಾಯಶಃ ಅಕ್ಷರದಲ್ಲಿರುತ್ತದೆ. ಅವನ ಕಣ್ಣು ಒಂದು ಸಾಲಿನಿಂದ ಅದೇ ಪದವಿರುವ ಮತ್ತೊಂದು ಸಾಲಿಗೆ ಜಾರುತ್ತದೆ; ಪಕಾರ ವಕಾರಗಳು ಅದಲುಬದಲಾಗುತ್ತವೆ. ಯಂತ್ರ ಹೀಗೆ ಜಾರುವುದಿಲ್ಲ. ಅದರ ದೋಷವು ಪಟ್ಟಿಯಲ್ಲಿ, ಅನುಕ್ರಮದಲ್ಲಿ ಇರುತ್ತದೆ. ಅತ್ತಿಮಬ್ಬೆಯ ಸಾವಿರ ಪ್ರತಿಗಳು ಒಂದೇ ಕೈಯಿಂದ ಆಗತಕ್ಕವಲ್ಲ. ಕೈಗಳು ಹಲವಾದಂತೆ ತಪ್ಪುಗಳೂ ಬೇರೆಬೇರೆಯಾಗುತ್ತವೆ. ಆದುದರಿಂದಲೇ ಅಂತಹ ಪ್ರತಿಗಳನ್ನು ಒಂದರೊಡನೊಂದು ತಾಳೆ ನೋಡಿ ಶುದ್ಧಪಾಠವನ್ನು ಊಹಿಸಲು ಅವಕಾಶವಿದೆ. ಯಂತ್ರದ ಸಾವಿರ ಪ್ರತಿಗಳಾದರೋ ಒಂದೇ ತಪ್ಪನ್ನು ಸಾವಿರ ಸಲ ಹೇಳುತ್ತವೆ. ಪಾಠನಿರ್ಣಯದಲ್ಲಿ ಅವೆಲ್ಲವೂ ಸೇರಿ ಒಂದೇ ಸಾಕ್ಷಿ. ಪ್ರತಿಗಳ ಸಂಖ್ಯೆ ಗ್ರಂಥವನ್ನು ನಾಶದಿಂದ ಉಳಿಸಬಲ್ಲುದೇ ಹೊರತು, ಸಾಕ್ಷಿಗಳ ಭೇದವಿಲ್ಲದೆ ದೋಷದಿಂದ ಉಳಿಸಲಾರದು.

ಕನ್ನಡದ ಮಟ್ಟಿಗೆ ಇನ್ನೊಂದು ತೊಡಕೂ ಇತ್ತು. ಆ ಕಾಲದ ಸಾಮಾನ್ಯ ಚುಕ್ಕಿಮುದ್ರಣಯಂತ್ರಗಳ ತಲೆಯಲ್ಲಿ ಒಂದರ ಕೆಳಗೊಂದರಂತೆ ಒಂಬತ್ತು ಸೂಜಿಗಳಿದ್ದವು. ರೋಮನ್ ಅಕ್ಷರಕ್ಕೆ ಅಷ್ಟು ಎತ್ತರ ಸಾಕು. ಮೇಲೆ ಸ್ವರಚಿಹ್ನೆ, ನಡುವೆ ವ್ಯಂಜನ, ಕೆಳಗೆ ಒತ್ತಕ್ಷರ ಇರುವ ನಮ್ಮ ಲಿಪಿಗೆ ಸಾಲದು. ಒಂದು ಸಾಲನ್ನು ಚಿತ್ರದಂತೆ ಭಾವಿಸಿ ಎರಡು ಬಾರಿ ಸೂಜಿ ಹಾಯಿಸಿದರೆ ಮಾತ್ರ ಓದಬಲ್ಲ ಕನ್ನಡ ದೊರೆಯುತ್ತಿತ್ತು.

ಬಾಳಿಕೆಯ ವಿಷಯದಲ್ಲಿಯೂ ಒಂದು ಪಾಠವುಂಟು. ಇಂಗ್ಲೆಂಡಿನ ೧೦೮೬ರ ಭೂದಾಖಲೆಯಾದ 'ಡೂಮ್ಸ್‌ಡೇ' ಗ್ರಂಥದ ಒಂಬೈನೂರನೆಯ ವರ್ಷದ ಸ್ಮರಣಾರ್ಥವಾಗಿ ೧೯೮೬ರಲ್ಲಿ ಅಲ್ಲಿಯ ಜನಜೀವನವನ್ನೆಲ್ಲ ಲೇಸರ್ ತಟ್ಟೆಗಳಲ್ಲಿ ಸಂಗ್ರಹಿಸಿದರು. ಅದನ್ನು ಓದಲು ಬೇಕಾದುದು ಇದೇ ಬಿ.ಬಿ.ಸಿ. ಗಣಕದ ವಂಶದ ಯಂತ್ರ. ಸುಮಾರು ಹದಿನೈದು ವರ್ಷಗಳಲ್ಲಿಯೇ ಆ ತಟ್ಟೆಗಳನ್ನು ಓದಬಲ್ಲ ಸಾಧನಗಳು ದುರ್ಲಭವಾಗಿ, ಅವುಗಳನ್ನು ಉಳಿಸುವುದಕ್ಕೆಂದೇ ಪ್ರತ್ಯೇಕ ಸಂಶೋಧನೆ ನಡೆಯಬೇಕಾಯಿತು. ೧೦೮೬ರ ಚರ್ಮಪತ್ರವನ್ನಾದರೋ ಲಿಪಿ ಬಲ್ಲವರು ಇಂದಿಗೂ ಓದುತ್ತಾರೆ.

ಇಂದು ಓಲೆಗರಿಗಳ ಛಾಯಾಚಿತ್ರಗಳನ್ನು ಗಣಕಗಳಲ್ಲಿ ಸಂಗ್ರಹಿಸುವ ಕಾರ್ಯ ಎಲ್ಲೆಡೆ ನಡೆಯುತ್ತಿದೆ. ಒಂದೊಂದು ಗರಿಗೆ ಎರಡು ಮುಖ, ಒಂದೊಂದು ಮುಖಕ್ಕೆ ಒಂದು ಕಡತ. ಹೆಸರಿನಲ್ಲಿ ಒಂದು ಅಂಕಿ ತಪ್ಪಿದರೂ ಕಟ್ಟು ಚೆದುರುತ್ತದೆ. ಆದುದರಿಂದ ಕೆಲವು ನಿಯಮಗಳು ಅವಶ್ಯವೆಂದು ತೋರುತ್ತದೆ. ಗರಿಸಂಖ್ಯೆಗಳನ್ನು ೦೦೧, ೦೦೨ ಎಂದು ಸಮಾನ ಸ್ಥಾನಗಳಲ್ಲಿ ಬರೆಯಬೇಕು. ಮುದ್ರಿಸುವ ಮುನ್ನ ಸರದಿಯ ಪಟ್ಟಿಯನ್ನೇ ಮೊದಲು ಮುದ್ರಿಸಿ ಕಟ್ಟಿನೊಡನೆ ತಾಳೆ ನೋಡಬೇಕು. ಪ್ರತಿಕೃತಿಯ ಕೊನೆಯಲ್ಲಿ ಮೂಲ ಯಾವುದು, ಗರಿಗಳೆಷ್ಟು, ಪ್ರತಿಮಾಡಿದ ದಿನ ಯಾವುದು ಎಂಬ ಸಮಾಪ್ತಿವಾಕ್ಯ ಇರಬೇಕು. ಮೂಲ ಓಲೆಯನ್ನು, ಅದು ಎಷ್ಟೇ ಸಲ ಪ್ರತಿಗೊಂಡಿದ್ದರೂ, ತ್ಯಜಿಸಲಾಗದು.

ತನ್ನ ಬೆನ್ನು ಬಾಗಿತು, ಕಣ್ಣು ಮಂಜಾಯಿತು, ತಪ್ಪಿದ್ದರೆ ತಿದ್ದಿ ಓದುವುದು ಎಂದು ಪ್ರಾರ್ಥಿಸಿ ನಮ್ಮ ಲಿಪಿಕಾರರು ಗ್ರಂಥವನ್ನು ಮುಗಿಸುತ್ತಿದ್ದರು. ಯಂತ್ರಕ್ಕೆ ಬೆನ್ನೂ ಇಲ್ಲ, ಕಣ್ಣೂ ಇಲ್ಲ. ಆ ಪ್ರಾರ್ಥನೆಯನ್ನು ಅದು ಮಾಡಲಾರದು. ತಿದ್ದಿ ಓದುವ ಹೊಣೆ ಮಾತ್ರ ಎಂದಿನಂತೆ ನಮ್ಮದಾಗಿಯೇ ಉಳಿದಿದೆ.