ಆಮ್ಲಜನಕವೆಂಬ ಹೆಸರು: ಒಂದು ರಾಸಾಯನಿಕ ಸಿದ್ಧಾಂತದ ಇತಿಹಾಸ

ಶಾಲೆಯ ರಸಾಯನಶಾಸ್ತ್ರದ ಪಾಠಗಳಲ್ಲಿ ವಿದ್ಯಾರ್ಥಿಯು ಮೊದಮೊದಲು ಕಲಿಯುವ ಹೆಸರುಗಳಲ್ಲಿ ಆಮ್ಲಜನಕವೂ ಒಂದು. ಪದವನ್ನು ಬಿಡಿಸಿದರೆ ಅದರ ಅರ್ಥ ಸ್ಪಷ್ಟವಾಗಿದೆ: ಆಮ್ಲವನ್ನು ಹುಟ್ಟಿಸುವಂಥದು ಯಾವುದೋ ಅದೇ ಆಮ್ಲಜನಕ. ಆದರೆ ಅದೇ ವಿದ್ಯಾರ್ಥಿಯು ಕೆಲವು ಪುಟಗಳ ಮುಂದೆ, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಜಲಜನಕ ಮತ್ತು ಕ್ಲೋರಿನ್‌ಗಳ ಹೊರತು ಬೇರೇನೂ ಇಲ್ಲವೆಂದೂ, ಕಾಸ್ಟಿಕ್ ಸೋಡದಂಥ ಪ್ರಬಲ ಪ್ರತ್ಯಾಮ್ಲದಲ್ಲಿ ಆಮ್ಲಜನಕವಿದೆಯೆಂದೂ ಓದುತ್ತಾನೆ. ಹೆಸರು ಹೇಳುವುದೊಂದು, ಪಾಠ ಹೇಳುವುದೊಂದು. ಈ ವಿರೋಧವನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಪ್ರಸ್ತಾಪಿಸುವುದಿಲ್ಲ. ಇದು ಭಾಷಾಂತರಕಾರರ ಅಚಾತುರ್ಯವಲ್ಲ. ಹದಿನೆಂಟನೆಯ ಶತಮಾನದ ಒಂದು ಸಿದ್ಧಾಂತವು ತಾನು ಬಿದ್ದುಹೋದ ಮೇಲೂ ಹೆಸರಿನಲ್ಲಿ ಉಳಿದುಕೊಂಡಿರುವ ಪರಿ. ಆ ಸಿದ್ಧಾಂತವು ಹೇಗೆ ಹುಟ್ಟಿತು, ಯಾವ ಆಧಾರದ ಮೇಲೆ ನಿಂತಿತು, ವಿರುದ್ಧ ಸಾಕ್ಷ್ಯ ದೊರೆತ ಮೇಲೂ ಏಕೆ ಬಹುಕಾಲ ಬಾಳಿತು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

೧

ಆಮ್ಲ, ಕ್ಷಾರ, ಲವಣ ಎಂಬ ಮಾತುಗಳು ನಮಗೆ ಹೊಸವಲ್ಲ. ಆಯುರ್ವೇದದ ಆರು ರಸಗಳಲ್ಲಿ ಆಮ್ಲ ಮತ್ತು ಲವಣಗಳು ಸೇರಿವೆ. ಸುಶ್ರುತಸಂಹಿತೆಯ ಸೂತ್ರಸ್ಥಾನದ ಹನ್ನೊಂದನೆಯ ಅಧ್ಯಾಯವು ಕ್ಷಾರವನ್ನು ತಯಾರಿಸುವ ವಿಧಾನಕ್ಕೇ ಮೀಸಲಾಗಿದೆ. ಗಿಡಮರಗಳನ್ನು ಸುಟ್ಟು ಬೂದಿಯನ್ನು ಕದಡಿ ಸೋಸುವುದು, ಸುಟ್ಟ ಸುಣ್ಣದ ಕಲ್ಲು ಮತ್ತು ಚಿಪ್ಪುಗಳನ್ನು ಸೇರಿಸಿ ಅದನ್ನು ತೀಕ್ಷ್ಣಗೊಳಿಸುವುದು, ಕಬ್ಬಿಣದ ಪಾತ್ರೆಯಲ್ಲಿ ಕಾಪಿಡುವುದು, ಇವೆಲ್ಲವೂ ಅಲ್ಲಿ ವಿವರವಾಗಿ ಬಂದಿವೆ. ಕ್ಷಾರದಿಂದ ಸುಟ್ಟ ಜಾಗವನ್ನು ಹುಳಿಯಾದ ದ್ರವದಿಂದ ಶಮನಗೊಳಿಸಬೇಕೆಂಬ ಸೂಚನೆಯೂ ಅಲ್ಲಿಯೇ ಇದೆ. ಆಚಾರ್ಯ ಪ್ರಫುಲ್ಲಚಂದ್ರ ರಾಯರು ೧೯೦೨ ಮತ್ತು ೧೯೦೯ರಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದ ಹಿಂದೂ ರಸಾಯನಶಾಸ್ತ್ರದ ಇತಿಹಾಸದಲ್ಲಿ ಈ ವಿಧಾನಕ್ಕೆ ವಿಶೇಷ ಗಮನವನ್ನು ಕೊಟ್ಟಿದ್ದಾರೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹುಳಿಯು ಕ್ಷಾರದ ತೀಕ್ಷ್ಣತೆಯನ್ನು ಅಡಗಿಸುತ್ತದೆಂಬ ವೀಕ್ಷಣೆ ಸುಶ್ರುತದಲ್ಲಿ ನಿಸ್ಸಂದೇಹವಾಗಿ ಇದೆ. ಆದರೆ ಅದಕ್ಕೆ ಕೊಟ್ಟಿರುವ ಕಾರಣವು ರಸಗಳ ಭಾಷೆಯಲ್ಲಿದೆ: ಕ್ಷಾರವು ಆಮ್ಲದೊಡನೆ ಕೂಡಿ ಮಾಧುರ್ಯವನ್ನು ಪಡೆದು ತನ್ನ ತೀಕ್ಷ್ಣ ಭಾವವನ್ನು ಬಿಡುತ್ತದೆ ಎಂಬುದು ಆ ವಿವರಣೆ. ವೀಕ್ಷಣೆಯ ನಿಖರತೆಯನ್ನು ಕಂಡು ಹಿಗ್ಗಿ, ಆಧುನಿಕ ವಿವರಣೆಯನ್ನೂ ಅದರ ಮೇಲೆ ಆರೋಪಿಸುವುದು ಇತಿಹಾಸಕಾರನಿಗೆ ತಕ್ಕದ್ದಲ್ಲ. ವೀಕ್ಷಣೆ ಬೇರೆ, ವಿವರಣೆ ಬೇರೆ. ಮುಂದೆ ಯೂರೋಪಿನ ಕಥೆಯನ್ನು ಓದುವಾಗಲೂ ಈ ಭೇದವನ್ನು ನಾವು ಮರೆಯಬಾರದು.

೨

ಯೂರೋಪಿನಲ್ಲಿಯೂ ಆಮ್ಲವನ್ನು ಬಹುಕಾಲ ರುಚಿಯಿಂದಲೇ ಗುರುತಿಸುತ್ತಿದ್ದರು. ರಾಬರ್ಟ್ ಬಾಯ್ಲನು ೧೬೬೪ರಲ್ಲಿ ಪ್ರಕಟಿಸಿದ, ಬಣ್ಣಗಳನ್ನು ಕುರಿತ ತನ್ನ ಗ್ರಂಥದಲ್ಲಿ ನೀಲಿ ಹೂವಿನ ಪಾನಕವು ಆಮ್ಲದಿಂದ ಕೆಂಪಾಗುವುದನ್ನೂ ಕ್ಷಾರದಿಂದ ಹಸುರಾಗುವುದನ್ನೂ ವರ್ಣಿಸಿದನು. ನಾಲಗೆಯ ಪರೀಕ್ಷೆಗೆ ಬದಲಾಗಿ ಕಣ್ಣಿನ ಪರೀಕ್ಷೆ ಬಂದಿತು. ೧೭೫೪ರಲ್ಲಿ ಪ್ಯಾರಿಸಿನ ರುಎಲ್ ಎಂಬ ಅಧ್ಯಾಪಕನು, ಆಮ್ಲದೊಡನೆ ಕೂಡಿ ಲವಣಕ್ಕೆ ಘನರೂಪವನ್ನು ಕೊಡುವ ವಸ್ತುವೆಲ್ಲವನ್ನೂ 'ತಳಹದಿ' ಎಂಬರ್ಥದ ಒಂದೇ ಹೆಸರಿನಿಂದ ಕರೆದನು. ನಾವು ಇಂದು ಪ್ರತ್ಯಾಮ್ಲವೆನ್ನುವುದು ಅದನ್ನೇ. ಈ ರುಎಲ್‌ನ ಉಪನ್ಯಾಸಗಳನ್ನು ಕೇಳಿದವರಲ್ಲಿ ಆಂತ್ವಾನ್ ಲವಾಸಿಯೆ (೧೭೪೩–೧೭೯೪) ಒಬ್ಬನು.

ಇಷ್ಟಾದರೂ ಆಮ್ಲವು ಆಮ್ಲವಾಗಿರಲು ಕಾರಣವೇನೆಂಬ ಪ್ರಶ್ನೆ ಹಾಗೆಯೇ ಉಳಿದಿತ್ತು. ಲವಾಸಿಯೆ ಅದಕ್ಕೆ ಉತ್ತರವನ್ನು ಕಂಡುಕೊಂಡದ್ದು ತಕ್ಕಡಿಯ ಸಹಾಯದಿಂದ. ಗಂಧಕವೂ ರಂಜಕವೂ ಉರಿದಾಗ ತೂಕವನ್ನು ಕಳೆದುಕೊಳ್ಳದೆ ಹೆಚ್ಚಿಸಿಕೊಳ್ಳುತ್ತವೆಂಬುದನ್ನು ಅವನು ೧೭೭೨ರಲ್ಲಿ ಕಂಡನು. ಉರಿಯುವ ವಸ್ತುವಿನಿಂದ ಫ್ಲಾಜಿಸ್ಟನ್ ಎಂಬ ದಾಹಕ ತತ್ತ್ವವು ಹೊರಹೋಗುತ್ತದೆಂಬ ಅಂದಿನ ನಂಬಿಕೆಗೆ ಇದು ಹೊಂದಲಿಲ್ಲ. ೧೭೭೪ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿಯು ಪಾದರಸದ ಕೆಂಪು ಭಸ್ಮವನ್ನು ಕಾಸಿ ಒಂದು ಹೊಸ ವಾಯುವನ್ನು ಪಡೆದನು. ಸ್ವೀಡನ್ನಿನ ಶೀಲೆಯೂ ಸ್ವತಂತ್ರವಾಗಿ ಅದನ್ನು ಕಂಡುಹಿಡಿದಿದ್ದನು. ಅದೇ ವರ್ಷದ ಅಕ್ಟೋಬರಿನಲ್ಲಿ ಪ್ಯಾರಿಸಿಗೆ ಬಂದ ಪ್ರೀಸ್ಟ್ಲಿಯಿಂದ ಲವಾಸಿಯೆ ಈ ವಿಷಯವನ್ನು ಕೇಳಿದನು. ದಹನದಲ್ಲಿ ವಸ್ತುವಿನೊಡನೆ ಕೂಡಿ ತೂಕವನ್ನು ಹೆಚ್ಚಿಸುವುದು ಈ ವಾಯುವೇ ಎಂಬ ನಿರ್ಣಯಕ್ಕೆ ಅವನು ಬಂದನು.

ಇಲ್ಲಿಂದ ಆಮ್ಲದ ಕಡೆಗೆ ಒಂದೇ ಹೆಜ್ಜೆ. ಗಂಧಕ ಉರಿದು ದೊರೆತ ವಸ್ತು ನೀರಿನಲ್ಲಿ ಆಮ್ಲ. ರಂಜಕ ಉರಿದುದೂ ಆಮ್ಲ. ಇದ್ದಿಲು ಉರಿದುದೂ ಆಮ್ಲ. ನೈಟ್ರಿಕ್ ಆಮ್ಲದಲ್ಲಿಯೂ ಈ ವಾಯುವೇ ದೊರೆಯಿತು. ಹಾಗಾದರೆ ಆಮ್ಲತ್ವಕ್ಕೆ ಕಾರಣ ಇದೇ ಆಗಿರಬೇಕು. 'ಹುಳಿ' ಮತ್ತು 'ಹುಟ್ಟಿಸು' ಎಂಬರ್ಥದ ಎರಡು ಗ್ರೀಕ್ ಪದಗಳಿಂದ ಅವನು ಆಕ್ಸಿಜನ್ ಎಂಬ ಹೆಸರನ್ನು ಕಟ್ಟಿದನು. ಇದು ಬರಿಯ ಊಹೆಯಾಗಿರಲಿಲ್ಲ. ತಿಳಿದಿದ್ದ ಆಮ್ಲಗಳಲ್ಲಿ ಮುಖ್ಯವಾದ ಹಲವನ್ನು ಪರೀಕ್ಷಿಸಿಯೇ ಅವನು ಈ ಮಾತನ್ನು ಹೇಳಿದ್ದನು. ಇಂದಿನ ಪಾಠಗಳಲ್ಲಿರುವ, ಅಲೋಹದ ಆಕ್ಸೈಡು ಆಮ್ಲೀಯ, ಲೋಹದ ಆಕ್ಸೈಡು ಪ್ರತ್ಯಾಮ್ಲೀಯ ಎಂಬ ಸಾಮಾನ್ಯ ನಿಯಮದ ಮೊದಲರ್ಧವು ಅವನ ಪ್ರಯೋಗಗಳಲ್ಲಿಯೇ ಅಡಗಿದೆ. ದೋಷವಿದ್ದುದು ಹಲವನ್ನು ನೋಡಿ ಎಲ್ಲವನ್ನೂ ಕುರಿತು ಹೇಳಿದುದರಲ್ಲಿ.

೩

೧೭೮೭ರಲ್ಲಿ ಗಿಟನ್ ದ ಮೊರ್ವೊ, ಲವಾಸಿಯೆ, ಬರ್ತೊಲೆ ಮತ್ತು ಫೂರ್ಕ್ರ್ವಾ ಈ ನಾಲ್ವರೂ ಸೇರಿ ರಾಸಾಯನಿಕ ನಾಮಕರಣದ ಹೊಸ ಪದ್ಧತಿಯನ್ನು ಪ್ರಕಟಿಸಿದರು. ವಸ್ತುವಿನ ಹೆಸರಿನಿಂದಲೇ ಅದರ ಘಟನೆ ತಿಳಿಯಬೇಕೆಂಬುದು ಅವರ ಸೂತ್ರ. ಎರಡು ವರ್ಷಗಳ ಅನಂತರ, ೧೭೮೯ರಲ್ಲಿ, ಲವಾಸಿಯೆಯ ರಸಾಯನಶಾಸ್ತ್ರದ ಮೂಲಗ್ರಂಥವು ಹೊರಬಂದಿತು. ಶಾಸ್ತ್ರವನ್ನು ತಿದ್ದದೆ ಭಾಷೆಯನ್ನಾಗಲಿ, ಭಾಷೆಯನ್ನು ತಿದ್ದದೆ ಶಾಸ್ತ್ರವನ್ನಾಗಲಿ ಸುಧಾರಿಸಲಾಗದೆಂದು ಅವನು ಅದರ ಪೀಠಿಕೆಯಲ್ಲಿ ಪ್ರತಿಪಾದಿಸಿದನು.

ಆ ಗ್ರಂಥದಲ್ಲಿರುವ ಮೂಲವಸ್ತುಗಳ ಪಟ್ಟಿ ಗಮನಾರ್ಹವಾದುದು. ಅದರಲ್ಲಿ ಒಟ್ಟು ೩೩ ವಸ್ತುಗಳಿವೆ. ಲೋಹಗಳು ೧೭, ಅಲೋಹಗಳು ೬, ಸುಣ್ಣ ಮೊದಲಾದ ಮಣ್ಣುಗಳು ೫, ಬೆಳಕು, ಉಷ್ಣತತ್ತ್ವ, ಆಮ್ಲಜನಕ ಮುಂತಾದುವು ೫. ಲೋಹ ಮತ್ತು ಅಲೋಹಗಳೆಂದು ಮೂಲವಸ್ತುಗಳನ್ನು ವಿಂಗಡಿಸುವ ಶಾಲಾಪದ್ಧತಿಯ ಒಂದು ಪ್ರಾಚೀನ ರೂಪವನ್ನು ಇಲ್ಲಿ ಕಾಣಬಹುದು. ಆದರೆ ಆ ಆರು ಅಲೋಹಗಳಲ್ಲಿ ಗಂಧಕ, ರಂಜಕ, ಇಂಗಾಲ ಈ ಮೂರೇ ಕೈಗೆ ಸಿಕ್ಕ ವಸ್ತುಗಳು. ಉಳಿದ ಮೂರು ಇನ್ನೂ ವಿಭಜನೆಯಾಗದ ಆಮ್ಲಗಳ ಕಲ್ಪಿತ ಮೂಲಗಳು. ಅವುಗಳಲ್ಲಿ ಒಂದು, ಇಂದು ನಾವು ಹೈಡ್ರೋಕ್ಲೋರಿಕ್ ಎನ್ನುವ ಮ್ಯೂರಿಯಾಟಿಕ್ ಆಮ್ಲದ ಮೂಲ. ಅದನ್ನು ಯಾರೂ ಬೇರ್ಪಡಿಸಿರಲಿಲ್ಲವೆಂಬುದನ್ನು ಲವಾಸಿಯೆಯೂ ಬಲ್ಲನು. ಆದರೂ ಆಮ್ಲವೆಂದ ಮೇಲೆ ಆಮ್ಲಜನಕವಿರಲೇಬೇಕು, ಆಮ್ಲಜನಕವಿದ್ದ ಮೇಲೆ ಅದರೊಡನೆ ಕೂಡಿದ ಇನ್ನೊಂದು ವಸ್ತುವಿರಲೇಬೇಕು ಎಂಬ ತರ್ಕದಿಂದ ಅದಕ್ಕೆ ಪಟ್ಟಿಯಲ್ಲಿ ಸ್ಥಾನ ದೊರೆಯಿತು.

ಶೀಲೆಯು ೧೭೭೪ರಲ್ಲಿಯೇ ಮ್ಯಾಂಗನೀಸಿನ ಕರಿಯ ಅದಿರಿನ ಮೇಲೆ ಈ ಆಮ್ಲವನ್ನು ಪ್ರಯೋಗಿಸಿ ಹಳದಿ ಮಿಶ್ರಿತ ಹಸುರು ವಾಯುವೊಂದನ್ನು ಪಡೆದಿದ್ದನು. ಆ ಅದಿರಿನಲ್ಲಿ ಆಮ್ಲಜನಕವು ಹೇರಳವಾಗಿರುವುದರಿಂದ, ಆಮ್ಲವು ಇನ್ನಷ್ಟು ಆಮ್ಲಜನಕವನ್ನು ಹೀರಿ ಈ ವಾಯುವಾಯಿತೆಂದು ಭಾವಿಸುವುದು ಸಹಜವಾಗಿತ್ತು. ಈ ವಾಯು ಕರಗಿದ ನೀರನ್ನು ಬಿಸಿಲಿನಲ್ಲಿಟ್ಟರೆ ಆಮ್ಲಜನಕ ಹೊರಬಿದ್ದು ಮ್ಯೂರಿಯಾಟಿಕ್ ಆಮ್ಲ ಉಳಿಯುತ್ತದೆಂಬುದನ್ನು ೧೭೮೫ರಲ್ಲಿ ಬರ್ತೊಲೆಯು ತೋರಿಸಿದಾಗ ಆ ಭಾವನೆ ದೃಢವಾಯಿತು. ವಾಸ್ತವವಾಗಿ ಆ ಆಮ್ಲಜನಕ ಬಂದದ್ದು ನೀರಿನಿಂದ. ಆದರೆ ನೀರನ್ನು ಬರಿಯ ದ್ರಾವಕವೆಂದು ಎಣಿಸುತ್ತಿದ್ದುದರಿಂದ ಅದರ ಮೇಲೆ ಯಾರ ದೃಷ್ಟಿಯೂ ಬೀಳಲಿಲ್ಲ. ಅಂದಿನ ರಸಾಯನಜ್ಞರು ಗಂಧಕದ ಆಮ್ಲವೆಂದು ಕರೆಯುತ್ತಿದ್ದುದು ನೀರಿಲ್ಲದ ಆಕ್ಸೈಡನ್ನು. ನೀರಿನೊಡನೆ ಬರುವ ಜಲಜನಕವು ಅವರ ಲೆಕ್ಕಕ್ಕೆ ಹೊರಗಾಗಿತ್ತು. ಹಸುರು ವಾಯುವಿಗೆ 'ಆಮ್ಲಜನಕಯುಕ್ತ ಮ್ಯೂರಿಯಾಟಿಕ್ ಆಮ್ಲ' ಎಂಬರ್ಥದ ಹೆಸರನ್ನಿಟ್ಟರು. ಪರೀಕ್ಷೆಯಿಂದ ತೀರ್ಮಾನವಾಗಬೇಕಾದ ಪ್ರಶ್ನೆಯನ್ನು ಹೆಸರೇ ತೀರ್ಮಾನಿಸಿಬಿಟ್ಟಿತು.

೪

ವಿರುದ್ಧ ಸಾಕ್ಷ್ಯ ಬೇಗನೆ ದೊರೆಯತೊಡಗಿತು. ನಾಮಕರಣ ಪದ್ಧತಿ ಹೊರಬಂದ ೧೭೮೭ರಲ್ಲಿಯೇ, ಆ ನಾಲ್ವರಲ್ಲಿ ಒಬ್ಬನಾದ ಬರ್ತೊಲೆಗೆ ಪ್ರಸಿಕ್ ಆಮ್ಲದಲ್ಲಿ ಆಮ್ಲಜನಕವು ಕಾಣಲಿಲ್ಲ. ಅದು ದುರ್ಬಲವಾದ, ವಿಚಿತ್ರವಾದ ಆಮ್ಲವೆಂದು ಬದಿಗಿಡುವುದು ಇತರರಿಗೆ ಕಷ್ಟವಾಗಲಿಲ್ಲ. ೧೮೦೭ರ ಅಕ್ಟೋಬರಿನಲ್ಲಿ ಲಂಡನ್ನಿನ ಹಂಫ್ರಿ ಡೇವಿಯು ವಿದ್ಯುತ್ಪ್ರವಾಹದ ಬಲದಿಂದ ಪೊಟಾಷನ್ನೂ ಸೋಡವನ್ನೂ ವಿಭಜಿಸಿ ಪೊಟ್ಯಾಸಿಯಂ ಮತ್ತು ಸೋಡಿಯಂ ಎಂಬ ಎರಡು ಹೊಸ ಲೋಹಗಳನ್ನು ಪಡೆದನು. ಆ ಎರಡು ಕ್ಷಾರಗಳಲ್ಲಿಯೂ ಲೋಹದೊಡನೆ ಕೂಡಿದ್ದುದು ಆಮ್ಲಜನಕ! ಆಮ್ಲವನ್ನು ಹುಟ್ಟಿಸತಕ್ಕ ವಸ್ತುವು ಆಮ್ಲದ ಪ್ರತಿಪಕ್ಷದಲ್ಲಿಯೂ ನೆಲೆಸಿದ್ದಿತು.

೧೮೦೯ರಲ್ಲಿ ಫ್ರಾನ್ಸಿನ ಗೇ-ಲುಸಾಕ್ ಮತ್ತು ತೆನಾರ್ ಹಸುರು ವಾಯುವಿನಿಂದ ಆಮ್ಲಜನಕವನ್ನು ಕಿತ್ತುಕೊಳ್ಳಲು ಅದನ್ನು ಕೆಂಪಗೆ ಕಾದ ಇದ್ದಿಲಿನ ಮೇಲೆ ಹಾಯಿಸಿದರು. ಅವರ ಪ್ರಯತ್ನ ಫಲಿಸಲಿಲ್ಲ. ಈ ವಾಯು ಮೂಲವಸ್ತುವಾಗಿರಬಹುದೆಂಬ ಸಂಭವವನ್ನು ಅವರು ಎತ್ತಿದರು; ಆದರೆ ಒಪ್ಪಲಿಲ್ಲ. ಡೇವಿಯೂ ಇದ್ದಿಲನ್ನು ವಿದ್ಯುತ್ತಿನಿಂದ ಬೆಳ್ಳಗೆ ಕಾಯಿಸಿ ಒಣಗಿದ ಅದೇ ವಾಯುವಿನಲ್ಲಿ ಪರೀಕ್ಷಿಸಿದನು. ಫಲ ಒಂದೇ. ಆದರೆ ಅವನ ನಿರ್ಣಯ ಬೇರೆಯಾಯಿತು: ಯಾವ ಉಪಾಯದಿಂದಲೂ ವಿಭಜನೆಯಾಗದ ವಸ್ತುವನ್ನು ಮೂಲವಸ್ತುವೆಂದೇ ಎಣಿಸಬೇಕು. ಮೂಲವಸ್ತುವಿನ ಈ ಲಕ್ಷಣವನ್ನು ಹೇಳಿಕೊಟ್ಟವನು ಲವಾಸಿಯೆಯೇ ಎಂಬುದನ್ನು ಇಲ್ಲಿ ನೆನೆಯಬೇಕು. ೧೮೧೦ರ ಜುಲೈನಲ್ಲಿ ಡೇವಿಯು ಈ ನಿರ್ಣಯವನ್ನು ರಾಯಲ್ ಸೊಸೈಟಿಯ ಮುಂದಿಟ್ಟನು. ಅದೇ ವರ್ಷದ ನವೆಂಬರಿನಲ್ಲಿ ಆ ವಾಯುವಿಗೆ ಕ್ಲೋರಿನ್ ಎಂದು ಹೆಸರಿಟ್ಟನು. ಗ್ರೀಕ್ ಭಾಷೆಯಲ್ಲಿ ಅದು ಹಳದಿ ಮಿಶ್ರಿತ ಹಸುರು ಬಣ್ಣವನ್ನು ಸೂಚಿಸುತ್ತದೆ. ಈ ಸಲ ಹೆಸರು ಬಣ್ಣವನ್ನಷ್ಟೇ ಹೇಳಿತು. ಘಟನೆಯನ್ನು ಕುರಿತು ಯಾವ ಸಿದ್ಧಾಂತವನ್ನೂ ಹೊರಲಿಲ್ಲ. ಇದು ಆಕಸ್ಮಿಕವಲ್ಲ, ಉದ್ದೇಶಪೂರ್ವಕವಾದ ಎಚ್ಚರಿಕೆ.

ಸ್ವೀಡನ್ನಿನ ಬರ್ಜೀಲಿಯಸ್‌ನಂಥ ಘನವಿದ್ವಾಂಸನೂ ೧೮೨೦ರ ಸುಮಾರಿನವರೆಗೆ ಇದನ್ನು ಒಪ್ಪಲಿಲ್ಲ. ೧೮೧೧ರಲ್ಲಿ ಕಂಡುಬಂದ ಅಯೊಡಿನ್ನಿನಿಂದಲೂ ಆಮ್ಲಜನಕವಿಲ್ಲದ ಆಮ್ಲವು ದೊರೆತ ಮೇಲೆ ಹಳೆಯ ಪಕ್ಷ ಕ್ರಮೇಣ ಸಡಿಲವಾಯಿತು. ೧೮೩೮ರಲ್ಲಿ ಜರ್ಮನಿಯ ಲೀಬಿಗ್, ಲೋಹವು ಹೊರದೂಡಬಲ್ಲ ಜಲಜನಕವನ್ನುಳ್ಳ ಸಂಯುಕ್ತವೇ ಆಮ್ಲವೆಂದು ಹೇಳಿದನು. ಸತುವನ್ನು ಆಮ್ಲದಲ್ಲಿ ಹಾಕಿ ಜಲಜನಕವನ್ನು ಪಡೆಯುವ ಶಾಲಾಪ್ರಯೋಗದ ಅರ್ಥ ಇದೇ. ನೀರಿನಲ್ಲಿ ಜಲಜನಕದ ಅಯಾನನ್ನು ಕೊಡುವುದು ಆಮ್ಲವೆಂಬ ಅರ್ಹೀನಿಯಸ್‌ನ ವಿವರಣೆ ೧೮೮೦ರ ದಶಕದ್ದು. ೧೯೨೩ರಲ್ಲಿ ಬ್ರೋನ್‌ಸ್ಟೆಡ್ ಮತ್ತು ಲೌರಿ ಪ್ರತ್ಯೇಕವಾಗಿ ಅದನ್ನು ಪ್ರೋಟಾನಿನ ದಾನ ಮತ್ತು ಸ್ವೀಕಾರಗಳೆಂದು ವಿಸ್ತರಿಸಿದರು. 'ಆಮ್ಲಜನಕ' ಎಂಬ ಬಿರುದಿಗೆ ಯಾವುದಾದರೂ ಮೂಲವಸ್ತು ತಕ್ಕುದಾಗಿದ್ದರೆ ಅದು ಜಲಜನಕವೇ ಎಂಬಂತಾಯಿತು.

೫

ಸಿದ್ಧಾಂತ ಬಿದ್ದಿತು, ಹೆಸರು ಉಳಿಯಿತು. ಜರ್ಮನರು ಅದನ್ನು 'ಹುಳಿಯ ವಸ್ತು' ಎಂಬರ್ಥದ ಮಾತಿನಿಂದಲೂ, ಜಪಾನೀಯರು 'ಆಮ್ಲದ ಮೂಲ' ಎಂಬರ್ಥದ ಮಾತಿನಿಂದಲೂ ಇಂದಿಗೂ ಕರೆಯುತ್ತಾರೆ. ಮರಾಠಿಯವರು ಮಾತ್ರ ಪ್ರಾಣವಾಯುವೆಂಬ ಬೇರೊಂದು ದಾರಿಯನ್ನು ಹಿಡಿದರು. ೧೯೧೮ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 'ವಿಜ್ಞಾನ' ಮಾಸಪತ್ರಿಕೆಯನ್ನು ಆರಂಭಿಸಿದ ಕಾಲದಿಂದ ಕನ್ನಡದಲ್ಲಿ ಶಾಸ್ತ್ರವನ್ನು ಬರೆದವರೆಲ್ಲರಿಗೂ ಪರಿಭಾಷೆಯ ಪ್ರಶ್ನೆ ಎದುರಾಗುತ್ತಲೇ ಇದೆ. ದೋಷವಿರುವ ಪದವನ್ನು ಕಿತ್ತೊಗೆಯಬೇಕೆಂದು ಕೆಲವರು ಹೇಳಬಹುದು. ಆದರೆ ಈಗ ಬಳಕೆಗೆ ಬಂದಿರುವ 'ಆಕ್ಸಿಜನ್' ಎಂಬ ರೂಪವನ್ನಿಟ್ಟುಕೊಂಡರೂ ದೋಷ ತೊಲಗುವುದಿಲ್ಲ. ಅದು ಗ್ರೀಕಿನಲ್ಲಿ ಮರೆಯಾಗುತ್ತದೆ ಅಷ್ಟೆ. ಕನ್ನಡದ ಪದದಲ್ಲಿ ಅದು ಕಣ್ಣೆದುರಿಗಿದೆ. ಆದುದರಿಂದ ಕನ್ನಡದ ವಿದ್ಯಾರ್ಥಿಗೆ ಪ್ರಶ್ನೆ ಕೇಳುವ ಅವಕಾಶವೂ ಹೆಚ್ಚು.

ಇತಿಹಾಸದ ಅಧ್ಯಾಪಕರಾದ ನಮಗೂ ಈ ಪ್ರಕರಣದಲ್ಲಿ ಪಾಠವಿದೆ. ಸುವರ್ಣಯುಗ, ಅಂಧಕಾರಯುಗ, ಅವನತಿಕಾಲ ಮೊದಲಾದ ಹೆಸರುಗಳನ್ನು ನಾವು ನಿತ್ಯವೂ ಬಳಸುತ್ತೇವೆ. ಇವುಗಳಲ್ಲಿ ಒಂದೊಂದೂ ಯಾರೋ ಒಬ್ಬರ ಸಿದ್ಧಾಂತ. ಹೆಸರಾದ ಮೇಲೆ ಅದು ವಾಸ್ತವಾಂಶದ ವೇಷವನ್ನು ತೊಡುತ್ತದೆ. ಅವನತಿಕಾಲವೆಂದು ಒಮ್ಮೆ ಕರೆದ ಶತಮಾನದಲ್ಲಿ ಕೆರೆ ಕಟ್ಟಿಸಿದ ಶಾಸನ ಸಿಕ್ಕರೆ, ಅದನ್ನು ಅಪವಾದವೆಂದು ಬದಿಗಿಡುತ್ತೇವೆ. ಪ್ರಸಿಕ್ ಆಮ್ಲವನ್ನು ಅಂದಿನವರು ಬದಿಗಿಟ್ಟುದೂ ಹೀಗೆಯೇ. ಹೆಸರುಗಳಿಲ್ಲದೆ ಶಾಸ್ತ್ರ ನಡೆಯದು, ನಿಜ. ಆದರೆ ಹೆಸರಿನೊಡನೆ ಅದು ಹುಟ್ಟಿದ ಕಾಲವನ್ನೂ ಕಾರಣವನ್ನೂ ವಿದ್ಯಾರ್ಥಿಗೆ ಹೇಳುವುದು ಅಧ್ಯಾಪಕರ ಕರ್ತವ್ಯ. ರಸಾಯನಶಾಸ್ತ್ರದ ತರಗತಿಯಲ್ಲಿ ಇದಕ್ಕೆ ಹತ್ತು ನಿಮಿಷಗಳು ಸಾಕು. ಆಮ್ಲಜನಕವೆಂಬ ಪದವನ್ನು ಉಳಿಸಿಕೊಂಡು ಅದರ ಇತಿಹಾಸವನ್ನೂ ಜೊತೆಯಲ್ಲಿಯೇ ಕಲಿಸುವುದು ಯುಕ್ತವೆಂಬುದು ನಮ್ಮ ಅಭಿಪ್ರಾಯ.