ಇಂಗ್ಲಿಷ್ ಪದವಿಭಜನೆ ಮತ್ತು ವೆಬ್‌ಸ್ಟರನ ಋಣ

ಅಮೆರಿಕದ ನೋವಾ ವೆಬ್‌ಸ್ಟರನು 1783ರಲ್ಲಿ ಹಾರ್ಟ್‌ಫರ್ಡ್ ನಗರದಲ್ಲಿ ಪ್ರಕಟಿಸಿದ ಕಾಗುಣಿತದ ಪುಸ್ತಕವು ಇಂಗ್ಲಿಷ್ ಶಬ್ದಗಳನ್ನು ಉಚ್ಚಾರಾಂಶಗಳಾಗಿ, ಎಂದರೆ ಸಿಲಬಲ್‌ಗಳಾಗಿ, ಒಡೆಯುವ ಕ್ರಮವನ್ನು ಬದಲಿಸಿತು. ಸ್ವಾತಂತ್ರ್ಯಯುದ್ಧವನ್ನು ಮುಗಿಸಿದ ಪ್ಯಾರಿಸ್ ಒಪ್ಪಂದವಾದುದೂ ಅದೇ ವರ್ಷ. ಆದಕಾರಣ ಈ ಬದಲಾವಣೆಯನ್ನು ರಾಷ್ಟ್ರಾಭಿಮಾನದ ಸೃಷ್ಟಿಯೆಂದು ವರ್ಣಿಸುವ ವಾಡಿಕೆಯುಂಟು. ಈ ಅಭಿಪ್ರಾಯವನ್ನು ನಾವು ಪೂರ್ಣವಾಗಿ ಒಪ್ಪಲಾರೆವು.

ಅದಕ್ಕೆ ಮೊದಲು ಅಮೆರಿಕದ ಶಾಲೆಗಳಲ್ಲಿ ಬಹುವಾಗಿ ಬಳಕೆಯಲ್ಲಿದ್ದುದು ಇಂಗ್ಲೆಂಡಿನ ಉಪಾಧ್ಯಾಯ ಥಾಮಸ್ ಡಿಲ್‌ವರ್ತನ 1740ರ ಪುಸ್ತಕ. ಎರಡು ಸ್ವರಗಳ ನಡುವಣ ವ್ಯಂಜನವು ಮುಂದಿನ ಸ್ವರಕ್ಕೆ ಸೇರತಕ್ಕದ್ದೆಂಬ ಲ್ಯಾಟಿನ್ ವ್ಯಾಕರಣದ ಕಟ್ಟಳೆಯನ್ನು ಅದು ಅನುಸರಿಸಿತ್ತು. ‘ಹ್ಯಾಬಿಟ್’ ಶಬ್ದದಲ್ಲಿ ಎಚ್, ಎ ಒಂದು ತುಂಡು. ಬಿ, ಐ, ಟಿ ಮತ್ತೊಂದು. ಆ ಕಾಲದ ಮಗು ಒಂದೊಂದು ಅಕ್ಷರದ ಹೆಸರನ್ನೂ ಹೇಳಿ, ತುಂಡನ್ನು ಉಚ್ಚರಿಸಿ, ಬಳಿಕ ತುಂಡುಗಳನ್ನು ಕೂಡಿಸಿ ಓದಬೇಕಿತ್ತು. ಉಚ್ಚಾರಾಂಶದ ಕೊನೆಗೆ ನಿಂತ ಸ್ವರವನ್ನು ದೀರ್ಘವಾಗಿ ನುಡಿಯುವುದು ಇಂಗ್ಲಿಷಿನ ಸಾಮಾನ್ಯ ಪದ್ಧತಿ. ಪುಸ್ತಕವನ್ನು ನಂಬಿದ ಮಗು ‘ಹೇ-ಬಿಟ್’ ಎಂದರೆ ತಪ್ಪು ಮಗುವಿನದಲ್ಲ! ವೆಬ್‌ಸ್ಟರನು ಬಿ ಅಕ್ಷರವನ್ನು ಹಿಂದಿನ ತುಂಡಿಗೆ ಸರಿಸಿದನು. ‘ಕ್ಲಸ್ಟರ್’ ಶಬ್ದವನ್ನು ಎಸ್ ಅಕ್ಷರದ ಹಿಂದೆ ಒಡೆಯದೆ ಅದರ ತರುವಾಯ ಒಡೆದನು. ಡಿಲ್‌ವರ್ತನು ಎರಡಾಗಿ ಎಣಿಸಿದ್ದ ಟಿ-ಐ-ಓ-ಎನ್ ಪ್ರತ್ಯಯವನ್ನು ಒಂದೇ ಎಂದು ಗಣಿಸಿದ್ದರಿಂದ ‘ನೇಷನ್’ ಎರಡೇ ಅಂಶಗಳ ಶಬ್ದವಾಯಿತು.

ಕನ್ನಡಿಗರಾದ ನಮಗೆ ಡಿಲ್‌ವರ್ತನ ಕ್ರಮ ಅಸಹಜವೆನಿಸದು. ‘ಮಸ್ತಕ’ವನ್ನು ನಾವೂ ಮ-ಸ್ತ-ಕ ಎಂದೇ ಬರೆಯುತ್ತೇವೆ, ಛಂದಸ್ಸಿನಲ್ಲಿ ಮಾತ್ರ ಒತ್ತಕ್ಷರದ ಹಿಂದಿನ ಮಕಾರವನ್ನು ಗುರುವೆಂದೆಣಿಸಿ ಕಿವಿಗೆ ನ್ಯಾಯ ಸಲ್ಲಿಸುತ್ತೇವೆ.

ಇಷ್ಟಾಗಿ, ಕಿವಿಯೇ ಪ್ರಮಾಣವೆಂಬ ತತ್ತ್ವ ವೆಬ್‌ಸ್ಟರನದಲ್ಲ. ಮುಂದೆ 1777ರಲ್ಲಿ ಲಂಡನ್ನಿನ ಬಿಷಪ್ ಪದವಿಗೇರಿದ ರಾಬರ್ಟ್ ಲೌತನು, ವ್ಯುತ್ಪತ್ತಿಯನ್ನು ಲೆಕ್ಕಿಸದೆ ಶುದ್ಧ ಉಚ್ಚಾರಣೆಗನುಸಾರವಾಗಿ ಶಬ್ದಗಳನ್ನು ಒಡೆಯುವುದೇ ಉತ್ತಮವೆಂದು 1762ರ ತನ್ನ ಇಂಗ್ಲಿಷ್ ವ್ಯಾಕರಣದಲ್ಲಿಯೇ ವಿಧಿಸಿದ್ದನು. ಪಂಡಿತನೊಬ್ಬನ ಈ ಸೂತ್ರವನ್ನು ಮಕ್ಕಳ ಪಾಠದ ಪಟ್ಟಿಗಳಲ್ಲಿ ಪುಟಪುಟವೂ ನಡೆಸಿ ತೋರಿಸಿದ್ದು ವೆಬ್‌ಸ್ಟರನ ಸಾಧನೆ, ಅದು ಅಲ್ಪವೇನಲ್ಲ. ಸೂತ್ರವು ಲೌತನ ನಾಡಿಗಿಂತ ಹೊರನಾಡಿನಲ್ಲಿಯೇ ಹೆಚ್ಚು ನೆಲೆಗೊಂಡಿತು. ‘ನಾಲೆಜ್’ ಶಬ್ದವನ್ನು ಸಾಲಿನ ಕೊನೆಯಲ್ಲಿ ಮುರಿಯುವಾಗ ಅಮೆರಿಕದ ನಿಘಂಟುಗಳು ಎಲ್ ಅಕ್ಷರವನ್ನು ಮೇಲಿನ ಸಾಲಿನಲ್ಲಿ ಉಳಿಸಿದರೆ, ಇಂಗ್ಲೆಂಡಿನ ಹಳೆಯ ಮುದ್ರಣಸಂಪ್ರದಾಯವು ‘ನೋ’ ಎಂಬ ಮೂಲಪದವನ್ನು ಅಖಂಡವಾಗಿಟ್ಟು ಅದನ್ನು ಕೆಳಸಾಲಿಗೆ ಇಳಿಸುತ್ತದೆ.